ಮನೆಗೆ ಬಂದ ಡಕಾಯಿತ

ಹವ್ಯಾಸಗಳಲ್ಲಿ ಎರಡು ಬಗೆ. ಅಂಚೆಚೀಟಿ, ಹಳೆಯ ನಾಣ್ಯ, ಬೆಂಕಿಪೊಟ್ಟಣದ ಲೇಬಲ್ಲು ಮುಂತಾದವನ್ನು ಕೂಡಿಸುವುದು ಒಂದು ಬಗೆ. ಇವು ಮೇಜಿನ ಒಂದು ಡ್ರಾಯರಿನಲ್ಲಿ ಅಡಗಿ ಕೂರುವುದರಿಂದ ಮನೆಯವರ ಆಕ್ಷೇಪಣೆ ಇರುವುದಿಲ್ಲ. ಗ್ರಾಮಫೋನ್ ತಟ್ಟೆಗಳನ್ನು ಕೂಡಿಸುವುದು ಎರಡನೆಯ ಬಗೆ. ಅಡಿಯಗಲದ ತಟ್ಟೆಗಳು, ಅವನ್ನು ತಿರುಗಿಸುವ ಯಂತ್ರ, ಸಾಲದ್ದಕ್ಕೆ ಎರಡು ಸ್ಪೀಕರು. ಮುಂಬಯಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಇವಕ್ಕೆ ಜಾಗ ಹುಡುಕುವುದೆಂದರೆ ಸಂಜೆಯ ವಿರಾರ್ ಲೋಕಲಿನಲ್ಲಿ ಕಿಟಕಿಯ ಸೀಟು ಹುಡುಕಿದಂತೆ. ದುರದೃಷ್ಟವಶಾತ್ ನಾನು ಎರಡನೆಯ ಬಗೆಯವನು. ಕೇಂದ್ರ ಸರ್ಕಾರದ ಅಪ್ಪರ್ ಡಿವಿಜನ್ ಗುಮಾಸ್ತನ ಸಂಬಳದಲ್ಲಿ ಹತ್ತು ವರ್ಷಗಳಿಂದ ನಾನು ಕೂಡಿಸಿರುವ ತಟ್ಟೆಗಳು ನಲವತ್ತಮೂರು. ನಲವತ್ತೆರಡರ ಬಗ್ಗೆ ಮನೆಯಲ್ಲಿ ತಕರಾರಿಲ್ಲ. ತಕರಾರಿರುವುದು ಒಂದೇ ಒಂದರ ಮೇಲೆ. ಅದು ‘ಶೋಲೆ’ ಚಿತ್ರದ ಸಂಭಾಷಣೆಯ ಎಲ್.ಪಿ.

ಕಿರಿಯ ವಾಚಕರಿಗಾಗಿ ಸ್ವಲ್ಪ ಪೂರ್ವೇತಿಹಾಸ ಹೇಳುವುದು ಅಗತ್ಯ. 1975ರ ಆಗಸ್ಟ್ 15ರಂದು ಬಿಡುಗಡೆಯಾದ ಆ ಚಿತ್ರ ಲ್ಯಾಮಿಂಗ್‌ಟನ್ ರಸ್ತೆಯ ಮಿನರ್ವಾ ಥಿಯೇಟರಿನಲ್ಲಿ ಐದು ವರ್ಷ ಓಡಿತು. ಪಾಲಿಡಾರ್ ಕಂಪನಿ ಮೊದಲಿಗೆ ಹೊರತಂದದ್ದು ಆರ್.ಡಿ. ಬರ್ಮನ್ನರ ಹಾಡುಗಳ ತಟ್ಟೆಯನ್ನು. ಆದರೆ ಚಿತ್ರಮಂದಿರದಿಂದ ಹೊರಬರುತ್ತಿದ್ದ ಜನರ ಬಾಯಲ್ಲಿ ಇದ್ದದ್ದು ಹಾಡುಗಳಲ್ಲ. ಸಲೀಂ-ಜಾವೇದ್ ಜೋಡಿ ಬರೆದ ಮಾತುಗಳು. ಕಂಪನಿಯವರು ಇದನ್ನು ಗಮನಿಸಿ ಮಾತುಗಳದ್ದೇ ತಟ್ಟೆ ಮಾಡಿದರು. ಅದು ಹಾಡಿನ ತಟ್ಟೆಗಳನ್ನು ನಾಚಿಸುವಂತೆ ಮಾರಾಟವಾಯಿತು. ಗಣೇಶೋತ್ಸವದ ಪೆಂಡಾಲುಗಳಲ್ಲಿ, ಪಾನಿನ ಅಂಗಡಿಗಳಲ್ಲಿ, ಮದುವೆಯ ಮನೆಗಳಲ್ಲಿ ಕೂಡ ಒಬ್ಬ ಡಕಾಯಿತನ ಗರ್ಜನೆ ಕೇಳತೊಡಗಿತು. ಆ ಗಬ್ಬರ್ ಸಿಂಗನ ಪಾತ್ರ ವಹಿಸಿದ ಅಮ್ಜದ್ ಖಾನರ ದನಿ ಅಷ್ಟು ಗಡುಸಲ್ಲವೆಂದು ಚಿತ್ರೀಕರಣದ ಕಾಲದಲ್ಲಿ ಅನುಮಾನಪಟ್ಟವರಿದ್ದರು ಎಂಬುದನ್ನು ನೆನೆದರೆ ನಗು ಬರುತ್ತದೆ. ಮುಂದೆ ಅವರು ಅದೇ ವೇಷದಲ್ಲಿ ಬ್ರಿಟಾನಿಯಾ ಗ್ಲೂಕೋಸ್ ಬಿಸ್ಕತ್ತಿನ ಜಾಹೀರಾತಿಗೂ ಬಂದರು. ಪಾರ್ಲೆ ಬಿಸ್ಕತ್ತಿನ ಹುಟ್ಟೂರಾದ ನಮ್ಮ ವಿಲೆ ಪಾರ್ಲೆಯ ಮಕ್ಕಳು ಇದನ್ನು ಹೇಗೆ ಸಹಿಸಿಕೊಂಡರೋ! ಇಲ್ಲಿನ ಬಿಸ್ಕತ್ತಿನ ಕಾರ್ಖಾನೆಯೂ 2016ರಲ್ಲಿ ಮುಚ್ಚಿಹೋಯಿತು, ಆ ಮಾತು ಬೇರೆ.

ನಮ್ಮ ತಂದೆಯವರ ಬಳಿ ಈ ತಟ್ಟೆ ಇತ್ತು. ಅವರು ಫೋರ್ಟಿನ ಒಂದು ಕಂಪನಿಯಲ್ಲಿ ಸ್ಟೆನೋ. 1977ರಲ್ಲಿ ಚನ್ನಪಟ್ಟಣದಿಂದ ಮದುವೆಯಾಗಿ ಬಂದ ನಮ್ಮ ತಾಯಿಗೆ ಹಿಂದಿಯ ಗಂಧವಿರಲಿಲ್ಲ. ಪಾಠ ಹೇಳಲು ತಂದೆಗೆ ವ್ಯವಧಾನವಿರಲಿಲ್ಲ. ಆದ್ದರಿಂದ ದಿನವೂ ಕಛೇರಿಗೆ ಹೊರಡುವ ಮುನ್ನ ಈ ತಟ್ಟೆಯನ್ನು ಹಾಕಿ ಹೋಗುತ್ತಿದ್ದರಂತೆ. ಅದರ ಫಲವಾಗಿ ಅಮ್ಮ ತರಕಾರಿಯವನ ಹತ್ತಿರ ಬದನೆಕಾಯಿಯ ಬೆಲೆಯನ್ನು ಡಕಾಯಿತನ ಧಾಟಿಯಲ್ಲೇ ಕೇಳಿದರೆಂದೂ, ಅವನು ಬೆದರಿ ನಾಲ್ಕಾಣೆ ಇಳಿಸಿದನೆಂದೂ ನಮ್ಮ ಮನೆಯಲ್ಲಿ ಪ್ರತೀತಿ. ಮುಂದೆ ಕ್ಯಾಸೆಟ್ಟುಗಳು ಬಂದವು, ಯಂತ್ರ ಕೆಟ್ಟಿತು, ಮನೆ ಬದಲಾಯಿಸುವಾಗ ತಟ್ಟೆಗಳು ರದ್ದಿಯವನ ಚೀಲ ಸೇರಿದವು. ತಂದೆಯವರು ಈಗ ಇಲ್ಲ. ಅವರು ಕೈಯಾರೆ ಒರೆಸಿಟ್ಟುಕೊಳ್ಳುತ್ತಿದ್ದ ವಸ್ತುಗಳಲ್ಲಿ ಒಂದನ್ನಾದರೂ ಮನೆಗೆ ತರಬೇಕೆಂಬುದೇ ನನ್ನ ಈ ಹುಚ್ಚಿನ ಮೂಲ.

ಅದು ಸಿಕ್ಕಿದ್ದು ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ, ಸಾವಿರದ ಆರುನೂರು ರೂಪಾಯಿಗೆ. “ಏನ್ರೀ, ಕಳ್ಳರ ಪೇಟೆಯಿಂದ ಡಕಾಯಿತನನ್ನು ಕರಕೊಂಡು ಬಂದಿರಾ?” ಎಂದಳು ನನ್ನಾಕೆ. ಬಿ.ಎಸ್ಸಿ. ಪದವಿ ಕಛೇರಿಯಲ್ಲಿ ಉಪಯೋಗಕ್ಕೆ ಬರದಿದ್ದರೂ ಇಲ್ಲಿ ಬಂತು. ಹಳೆಯ 78 ವೇಗದ ತಟ್ಟೆ ಅರಗಿನದು. ಸ್ಪಿರಿಟ್ ತಾಗಿದರೆ ಕರಗುತ್ತದೆ. ಎಲ್.ಪಿ. ಪಾಲಿವಿನೈಲ್ ಕ್ಲೋರೈಡಿನದು, ಡಿಸ್ಟಿಲ್ಡ್ ನೀರಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೊಹಾಲ್ ಬೆರೆಸಿ ಮೆತ್ತನೆಯ ಬಟ್ಟೆಯಿಂದ ಗೆರೆಗಳ ಗುಂಟ ಒರೆಸಿದರೆ ಅಪಾಯವಿಲ್ಲ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ತಟ್ಟೆಯ ಗೆರೆಯಲ್ಲಿ ಮುಳ್ಳು ಅಲುಗಾಡಿ, ಆ ಅಲುಗಾಟವೇ ವಿದ್ಯುತ್ತಾಗಿ, ಮತ್ತೆ ಸದ್ದಾಗುತ್ತದೆ. ಪಾರ್ಲೆಯಲ್ಲಿ ಇದನ್ನು ಕೇಳಲು ಇನ್ನೊಂದು ತಾಳ್ಮೆಯೂ ಬೇಕು. ಗಬ್ಬರನು ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ತಲೆಯ ಮೇಲೆ ವಿಮಾನ ಬರುತ್ತದೆ.

ಚಿತ್ರವನ್ನು ನಾನು ಏಳೆಂಟು ಸಲ ನೋಡಿದ್ದೇನೆ. ತಟ್ಟೆಯಲ್ಲಿ ಬರಿಯ ಕಿವಿಯಿಂದ ಕೇಳಿದಾಗ ಅದು ಬೇರೆಯೇ ಆಯಿತು. ಬಂಡೆಗಳಿಲ್ಲ, ಕುದುರೆಗಳಿಲ್ಲ, ಅಮಿತಾಭ್ ಬಚ್ಚನ್ನರ ಎತ್ತರವಿಲ್ಲ. ಉಳಿದದ್ದು ದನಿ ಮಾತ್ರ. ಸೋತು ಬಂದ ಮೂವರು ಸಹಚರರನ್ನು ಗಬ್ಬರನು ವಿಚಾರಿಸುವ ಭಾಗವಿದೆಯಷ್ಟೆ. ಬಂದೂಕಿನಲ್ಲಿ ಜೂಜಾಡಿ, ಮೂವರೂ ಉಳಿದುಕೊಂಡಾಗ ಅವನು ನಗುತ್ತಾನೆ, ಎಲ್ಲರೂ ನಗುತ್ತಾರೆ, ನಗು ಏರುತ್ತದೆ, ಆಮೇಲೆ ಗುಂಡುಗಳು. ಥಿಯೇಟರಿನಲ್ಲಿ ನಾವೂ ನಕ್ಕವರೇ. ಆದರೆ ಕಣ್ಣು ಮುಚ್ಚಿ ಕೇಳಿ ನೋಡಿ: ಅದು ಸಂತೋಷದ ನಗುವಲ್ಲ. ಒಡೆಯ ನಕ್ಕನೆಂದು ನಗುವ ನಗು, ಅವನು ನಿಲ್ಲಿಸುವವರೆಗೂ ನಿಲ್ಲಿಸಲು ಧೈರ್ಯವಿಲ್ಲದ ನಗು. ಇಪ್ಪತ್ತು ವರ್ಷ ಗುಮಾಸ್ತಗಿರಿ ಮಾಡಿದ ಕಿವಿಗೆ ಆ ನಗುವಿನ ಪರಿಚಯ ಚೆನ್ನಾಗಿರುತ್ತದೆ. ಮೇಲಿನವರು ಒಬ್ಬ ಬಡಪಾಯಿಯನ್ನು ಗೇಲಿ ಮಾಡಿದಾಗ ಕೋಣೆಯ ತುಂಬ ಏಳುವ ನಗು ಅದೇ. ಗಬ್ಬರನ ಬಲ ಅವನ ಬಂದೂಕಿನಲ್ಲಿದ್ದುದಕ್ಕಿಂತ ಹೆಚ್ಚಾಗಿ ಆ ನಗುವಿನಲ್ಲಿತ್ತೆಂದು ನನಗೆ ತಿಳಿದದ್ದು ಈ ತಟ್ಟೆಯಿಂದ.

ಕಾಲೇಜು ಸೇರಿರುವ ನನ್ನ ಮಗನಿಗೆ ಇದನ್ನು ಹೇಳಿದೆ. ಅವನು ಅಮೆರಿಕದ ರ‍್ಯಾಪ್ ಕೇಳುವವನು. ಅಲ್ಲಿಯೂ ಇಂಥದೇ ಒಂದು ತಟ್ಟೆ ಇದೆಯಂತೆ: 1988ರಲ್ಲಿ ಎನ್.ಡಬ್ಲ್ಯು.ಎ. ಎಂಬ ಕಪ್ಪು ಯುವಕರ ತಂಡ ಹೊರತಂದ ‘ಸ್ಟ್ರೇಟ್ ಔಟಾ ಕಾಂಪ್ಟನ್’. ಬಂದೂಕು, ಬೈಗುಳ, ಪೊಲೀಸರ ಮೇಲಿನ ಸಿಟ್ಟು, 1989ರಲ್ಲಿ ಎಫ್.ಬಿ.ಐ.ನ ಅಧಿಕಾರಿಯೊಬ್ಬರು ಕಂಪನಿಗೆ ಆಕ್ಷೇಪಣೆಯ ಪತ್ರವನ್ನೇ ಬರೆದರು. ಈಗ ಅದನ್ನು ಜನ ಹುಡುಕಿ ಕೊಳ್ಳುತ್ತಾರೆ. “ಅಪ್ಪ, ಅದು ಅವರ ಬೀದಿ, ಅವರದೇ ಮಾತು. ನಿಮ್ಮ ಗಬ್ಬರನ ಮಾತು ಯಾರದು?” ಎಂದ. ಹೆಂಗಸರ ವಿಷಯದಲ್ಲಿ ಆ ತಟ್ಟೆಯ ಭಾಷೆ ನನಗೆ ಒಪ್ಪಿಗೆಯಿಲ್ಲ, ಅವನಿಗೂ ಹೇಳಿದೆ. ಆದರೆ ಪ್ರಶ್ನೆ ಸರಿಯಾಗಿತ್ತು. ಚಂಬಲ್ ಸೀಮೆಯಲ್ಲಿ ಗಬ್ಬರ್ ಸಿಂಗನೆಂಬ ನಿಜವಾದ ಡಕಾಯಿತನೊಬ್ಬನಿದ್ದ. ಜನರ ಮೂಗು ಕೊಯ್ಯುತ್ತಿದ್ದ. 1959ರಲ್ಲಿ ಪೊಲೀಸರ ಗುಂಡಿಗೆ ಸತ್ತ. ಮೂಗು ಕಳೆದುಕೊಂಡವರ ಮಾತನ್ನು ಯಾರೂ ತಟ್ಟೆ ಮಾಡಲಿಲ್ಲ.

ಇದಕ್ಕೆ ಉತ್ತರ ಕೊಟ್ಟವರು ನಮ್ಮ ತಾಯಿ. ಎಲ್ಲರಿಗೂ ಗೊತ್ತಿರುವಂತೆ ಆ ಚಿತ್ರದ ಹಳ್ಳಿ ಉತ್ತರದ್ದಲ್ಲ; ನಮ್ಮ ರಾಮನಗರದ ರಾಮದೇವರ ಬೆಟ್ಟದ ಬುಡದಲ್ಲಿ ಹಾಕಿದ ಸೆಟ್ಟು. 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭವಾಯಿತು. ಚನ್ನಪಟ್ಟಣದ ಹುಡುಗಿಯಾಗಿದ್ದ ಅಮ್ಮ ತಮ್ಮ ಅಣ್ಣನ ಜೊತೆ ಬಸ್ಸಿನಲ್ಲಿ ಹೋಗಿ ನೋಡಿ ಬಂದಿದ್ದರು. ಸುತ್ತಲಿನ ಹಳ್ಳಿಯವರು ದಿನಗೂಲಿಗೆ ಗುಂಪಿನಲ್ಲಿ ನಿಲ್ಲಲು ಹೋಗುತ್ತಿದ್ದರಂತೆ. ನಮ್ಮ ಸೋದರಮಾವನೂ ಎರಡು ದಿನ ನಿಂತಿದ್ದರು. ತಟ್ಟೆ ಮುಗಿದ ಮೇಲೆ ಅಮ್ಮ ಹೇಳಿದರು: “ನಿಂತ್ಕೊಂಡಿದ್ದೋರೆಲ್ಲ ನಮ್ಮೋರೇ ಕಣೋ. ಒಬ್ರಾದ್ರೂ ಬಾಯಿ ಬಿಡ್ತಾರಾ ನೋಡು ಇದ್ರಲ್ಲಿ.”

ನಿಜ. ಬಂಡೆಗಳು ನಮ್ಮವು, ಬಿಸಿಲು ನಮ್ಮದು, ಹೆದರಿ ನಿಂತ ಮುಖಗಳು ನಮ್ಮವು; ಮಾತು ಮಾತ್ರ ಬೇರೆಯವರದು. ಪರಊರಿನಲ್ಲಿ ನಲವತ್ತು ಐವತ್ತು ವರ್ಷ ಬಾಳಿದ ನಮ್ಮಂಥವರಿಗೆ ಇದು ಹೊಸ ಸಂಗತಿಯೇನಲ್ಲ. ನಮ್ಮ ಹಿರಿಯರು ಈ ಶಹರದ ಎಷ್ಟು ದೃಶ್ಯಗಳಲ್ಲಿ ಗುಂಪಿನಲ್ಲಿ ನಿಂತಿಲ್ಲ! ಹೋಟೆಲಿನಲ್ಲಿ, ಗಿರಣಿಯಲ್ಲಿ, ಕಛೇರಿಯಲ್ಲಿ ನಿಂತರು. ಅವರ ದನಿ ಎಲ್ಲಿ ದಾಖಲಾಗಿದೆ? ನಮ್ಮ ತಂದೆಯವರ ದನಿಯ ಒಂದು ತುಣುಕೂ ನಮ್ಮಲ್ಲಿಲ್ಲ. ಡಕಾಯಿತನ ದನಿ ಮಾತ್ರ, ಐವತ್ತು ವರ್ಷವಾದರೂ ಗೀರುಗಳ ನಡುವೆಯೇ ಸ್ಪಷ್ಟವಾಗಿದೆ.

ಹಾಗೆಂದು ತಟ್ಟೆಯನ್ನು ಹೊರಗೆ ಹಾಕಬೇಕೆ? ಹಾಕಬೇಕೆಂಬುದು ನನ್ನಾಕೆಯ ಪಕ್ಷ. ಕೊಲೆಗಡುಕನ ಮಾತಿನಲ್ಲಿ ರುಚಿ ಹುಡುಕುವುದು ಸಲ್ಲದೆಂದು ಅವಳ ವಾದ. ಅದರಲ್ಲಿ ತಥ್ಯವಿಲ್ಲವೆನ್ನಲಾರೆ. 1975ರಲ್ಲಿ ತುರ್ತುಪರಿಸ್ಥಿತಿಯ ಕಾಲದ ಸೆನ್ಸಾರಿನವರು ಕೂಡ ಠಾಕೂರನು ಗಬ್ಬರನನ್ನು ಕೊಲ್ಲುವ ಮೂಲ ಮುಕ್ತಾಯವನ್ನು ಒಪ್ಪದೆ, ಪೊಲೀಸರ ಕೈಗೆ ಒಪ್ಪಿಸುವಂತೆ ಬದಲಾಯಿಸಿದರು. ಆ ಮೂಲ ಮುಕ್ತಾಯದ ಪ್ರತಿ ದುರಸ್ತಿಯಾಗಿ 2025ರ ಜೂನಿನಲ್ಲಿ ಇಟಲಿಯ ಬೊಲೋನ್ಯದಲ್ಲಿ ಪ್ರದರ್ಶನ ಕಂಡಿತು. ಅಳಿಸಿದ್ದು ಐವತ್ತು ವರ್ಷದ ನಂತರ ಎದ್ದು ಬರುವುದಾದರೆ, ಇಟ್ಟುಕೊಂಡು ಸರಿಯಾಗಿ ಕೇಳಿಸಿಕೊಳ್ಳುವುದೇ ಮೇಲೆಂದು ನನ್ನ ಪಕ್ಷ. ರುಚಿಗಾಗಿ ಅಲ್ಲ, ಆ ನಗುವಿನ ಗುರುತು ಮಕ್ಕಳಿಗೂ ಸಿಗಲೆಂದು.

ಒಂದು ಷರತ್ತಿಗೆ ಮಾತ್ರ ಮನೆಯಲ್ಲಿ ಎಲ್ಲರ ಒಪ್ಪಿಗೆ ದೊರೆಯಿತು. ಕಳೆದ ಭಾನುವಾರ ಅಮ್ಮನನ್ನು ಕೂರಿಸಿ, ರಾಮದೇವರ ಬೆಟ್ಟದ ಆ ದಿನಗಳನ್ನು ಅವರ ಕನ್ನಡದಲ್ಲೇ ಹೇಳಿಸಿ, ಮಗ ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದಾನೆ. ಹನ್ನೊಂದು ನಿಮಿಷ, ನಡುವೆ ಮೂರು ವಿಮಾನ. ವಾಚಕರ ಮನೆಗಳಲ್ಲಿಯೂ ಹಿರಿಯರಿರುವರು, ಮೊಬೈಲಂತೂ ಇದ್ದೇ ಇದೆ. ತಡಮಾಡಬಾರದೆಂದು ನನ್ನ ವಿನಂತಿ.