ಸವೆದ ರೂಪಾಯಿ

ಗುತ್ತಿಗಾರು, 19 ನವೆಂಬರ್ 2023, ಭಾನುವಾರ

ವಿಶ್ವಕಪ್ ಫೈನಲ್ ಇವತ್ತು. ಪೇಟೆಯ ಅಂಗಡಿಗಳಲ್ಲೆಲ್ಲ ಜನ ಟಿ.ವಿ. ಮುಂದೆ. ನಾನು ಊಟ ಮುಗಿಸಿ ಹರಾಜಿನ ಕ್ಯಾಟಲಾಗ್ ಹಿಡಿದು ಜಗಲಿಯಲ್ಲಿ ಕೂತವನು ಸಂಜೆ ದೀಪ ಹಚ್ಚುವವರೆಗೆ ಏಳಲಿಲ್ಲ.

ನಿನ್ನೆ ಬೆಂಗಳೂರಿನಿಂದ ಅಂಚೆಯಲ್ಲಿ ಬಂದ ಪುಸ್ತಕ ಇದು. ಪ್ರತಿ ಲಾಟಿಗೂ ನಾಣ್ಯದ ಎರಡು ಬದಿಯ ಚಿತ್ರ, ಲೋಹ, ತೂಕ, ಎಷ್ಟು ಸವೆದಿದೆ, ಎಷ್ಟು ಅಪರೂಪ, ಅಂದಾಜು ಬೆಲೆ ಎಷ್ಟು ಎಂದು ವಿವರ. ಒಂದು ಪುಟದಲ್ಲಿ ಹೊಯ್ಸಳ ವಿಷ್ಣುವರ್ಧನನ ಚಿನ್ನದ ಗದ್ಯಾಣ ಸಿಕ್ಕಿತು. ಒಂಬೈನೂರು ವರ್ಷದ ಹಿಂದಿನ ಅಕ್ಷರ, ಆದರೂ ‘ಶ್ರೀ ತಳಕಾಡುಗೊಂಡ’ ಎಂಬುದನ್ನು ನಿಧಾನಕ್ಕೆ ಕೂಡಿಸಿ ಓದಿದೆ. ಮೈ ಝುಂ ಎಂದಿತು. ಎರಡು ಪುಟ ಆಚೆ ನಮ್ಮ ಕರಾವಳಿಯ ಆಳುಪರದು, ಜೋಡಿ ಮೀನಿನ ಗುರುತಿನದು. ಶಾಲೆಯಲ್ಲಿ ಆಳುಪರ ಬಗ್ಗೆ ನಾವು ಓದಿದ್ದು ಒಂದು ಪ್ಯಾರಾ ಇದ್ದೀತು. ಅವರದೇ ಟಂಕಸಾಲೆಯ ಚಿನ್ನ ಇನ್ನೂ ಕೈಯಿಂದ ಕೈಗೆ ಹೋಗುತ್ತಿದೆ ಎಂದು ಯಾರೂ ಹೇಳಿರಲಿಲ್ಲ.

ಅವು ನನ್ನ ಕೈಗೆಟುಕುವಂಥವಲ್ಲ, ಅದಕ್ಕೆ ಬೇಸರವೂ ಇಲ್ಲ. ನನಗೆ ಬೇಕಾದದ್ದು 1835ರ ಕಂಪನಿ ರೂಪಾಯಿ.

ಕಾರಣ ಬರೆದಿಡುತ್ತೇನೆ. 1834ರಲ್ಲಿ ಚಿಕ್ಕವೀರರಾಜನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಕೊಡಗಿನ ಅರಸರ ಕೈಯಲ್ಲಿದ್ದ ನಮ್ಮ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿವರೆಗೆ ಬೆಳೆದದ್ದರಲ್ಲೇ ಒಂದು ಪಾಲು ಕೊಟ್ಟು ಕಂದಾಯ ತೀರಿಸುತ್ತಿದ್ದವರು ಇನ್ನು ಮೇಲೆ ನಗದಾಗಿಯೇ ಕಟ್ಟಬೇಕೆಂದಾಯಿತು. ನಗದು ಬೇಕಾದರೆ ಫಸಲನ್ನು ವ್ಯಾಪಾರಿ ಹೇಳಿದ ಬೆಲೆಗೆ ಕೊಡಬೇಕು. ಇಲ್ಲಿಯವರು ಕಂಪನಿಯ ವಿರುದ್ಧ ಎದ್ದ 1837ರ ದಂಗೆಗೆ ಹಲವು ಕಾರಣ ಹೇಳುತ್ತಾರೆ, ಆದರೆ ಈ ನಗದಿನ ಕಾರಣವನ್ನು ಬಿಟ್ಟವರಿಲ್ಲ. ದಂಗೆಯವರು ಮೊದಲು ಕೈಹಾಕಿದ್ದೂ ಬೆಳ್ಳಾರೆಯ ಖಜಾನೆಗೆ. ಏಪ್ರಿಲ್ 5ಕ್ಕೆ ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಮಾತ್ರ ಯಾವಾಗಲೂ ಬೆಳ್ಳಾರೆಯೇ ಕಣ್ಣಿಗೆ ಬರುವುದು. ಅಡಿಕೆ, ಮೆಣಸು, ಭತ್ತ ಮಾರಿ ತಂದು ಎಣಿಸಿಕೊಟ್ಟ ದುಡ್ಡು ಆ ಖಜಾನೆಯದು.

ರಾತ್ರಿ ಪಕ್ಕದ ಮನೆಯಲ್ಲಿ ಸದ್ದಿಲ್ಲ. ನಮ್ಮವರು ಸೋತರಂತೆ.

23 ನವೆಂಬರ್, ಗುರುವಾರ

ಸುಳ್ಯಕ್ಕೆ ಹೋಗಿ ಮಾಷ್ಟ್ರನ್ನು ಕಂಡು ಬಂದೆ. ನಿವೃತ್ತಿಯಾದ ಮೇಲೆ ಅವರ ಲೋಕವೆಲ್ಲ ನಾಣ್ಯವೇ. ಚಿನ್ನ ತೂಗುವ ಸಣ್ಣ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕನ್ನಡಿ, ಎರಡನ್ನೂ ಮೇಜಿನ ಮೇಲಿಟ್ಟು ಪಾಠ ಶುರು ಮಾಡಿದರು.

“ಮೊದಲು ತೂಕ ನೋಡಿ, ಚಂದ ಆಮೇಲೆ ನೋಡುವ” ಎಂದರು. 1835ರ ಕಾಯ್ದೆಯಲ್ಲಿ ಕಂಪನಿ ತನ್ನ ಮೂರು ಪ್ರಾಂತಗಳ ಬೇರೆ ಬೇರೆ ರೂಪಾಯಿಗಳ ಬದಲು ಒಂದೇ ರೂಪಾಯಿ ಮಾಡಿತು. ಆ ವರ್ಷ ಸೆಪ್ಟೆಂಬರ್ 1ರಿಂದ ಜಾರಿ. ತೂಕ 180 ಗ್ರೈನ್, ಅಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಮೊಗಲ್ ಬಾದಶಹನ ಹೆಸರು ಹೋಗಿ ನಾಲ್ಕನೇ ವಿಲಿಯಂ ರಾಜನ ತಲೆ ಬಂತು. ಕತ್ತಿನ ಕೆಳಗೆ ಟಂಕಸಾಲೆ ಅಧಿಕಾರಿಯ ಹೆಸರಿನ ಸಣ್ಣ ಅಕ್ಷರ ಇರುತ್ತದೆ, ಕೆಲವದರಲ್ಲಿ ‘ಎಫ್’, ಕೆಲವದರಲ್ಲಿ ‘ಆರ್.ಎಸ್.’, ಕೆಲವದರಲ್ಲಿ ಏನೂ ಇಲ್ಲ. ನಕಲಿಗಳೂ ಬೇಕಾದಷ್ಟಿವೆ. ಅಚ್ಚಿಗೆ ಎರಕ ಹೊಯ್ದು ಮಾಡಿದ್ದಾದರೆ ಅಂಚಿನ ಸುತ್ತ ಒಂದು ಗೆರೆ ಉಳಿಯುತ್ತದೆ, ಮೈಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಾಣುತ್ತವೆ.

ಆಮೇಲೆ ದುಡ್ಡಿನ ಲೆಕ್ಕ. ಸುತ್ತಿಗೆ ಬಿದ್ದ ಬೆಲೆಯೇ ಕಟ್ಟುವ ಬೆಲೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆಯ ಕಮಿಷನ್ ಉಂಟು, ಈ ಕ್ಯಾಟಲಾಗ್ ಪ್ರಕಾರ ನೂರಕ್ಕೆ ಹದಿನೈದು, ಮತ್ತೆ ಜಿಎಸ್‌ಟಿ. ಹತ್ತು ಸಾವಿರಕ್ಕೆ ನಿಂತರೆ ತೆರಿಗೆಗೆ ಮೊದಲೇ ಹನ್ನೊಂದೂವರೆ ಸಾವಿರ. ಇಪ್ಪತ್ತೈದು ಕಿಲೋ ಹಳೆ ಅಡಿಕೆಯ ದುಡ್ಡು. ಹಳದಿ ಎಲೆ ರೋಗ ತೋಟವನ್ನು ತಿನ್ನುತ್ತಿರುವಾಗ ಅದು ಹಗುರದ ಮಾತಲ್ಲ. ಕೊನೆಯ ಮಿತಿಯನ್ನು ಲಾಟಿನ ಪಕ್ಕದಲ್ಲಿ ಪೆನ್ನಿನಲ್ಲೇ ಬರೆಯಿರಿ ಎಂದರು ಮಾಷ್ಟ್ರು. ಪೆನ್ಸಿಲ್ ಆದರೆ ಸಭೆಯಲ್ಲಿ ಕೈ ತಿದ್ದುತ್ತದಂತೆ.

ಏಳುವಾಗ ಫೋನಿನಲ್ಲಿ ಒಂದು ಪದಕದ ಚಿತ್ರ ತೋರಿಸಿದರು. ನಮ್ಮ ದಂಗೆಯನ್ನು ಅಡಗಿಸಲು ಕಂಪನಿಯ ಪರ ನಿಂತವರಿಗೆ ಕೊಟ್ಟದ್ದು, ಚಿನ್ನದಲ್ಲಿ 44, ಬೆಳ್ಳಿಯಲ್ಲಿ 300. ಒಂದು ಬದಿಯಲ್ಲಿ ಕತ್ತಿ ಎತ್ತಿದ ಕೊಡವ ಯೋಧ, ಸುತ್ತ ಕನ್ನಡ ಅಕ್ಷರ. ಇನ್ನೊಂದು ಬದಿಯಲ್ಲಿ ಇಂಗ್ಲಿಷಿನಲ್ಲಿ ‘ಏಪ್ರಿಲ್ 1837’. ಲಂಡನ್ನಿನ ಹರಾಜುಗಳಲ್ಲಿ ಆಗೀಗ ಬರುತ್ತದಂತೆ. ನನಗೆ ಮಾತು ಹೊರಡಲಿಲ್ಲ. ದಂಗೆಯ ಮುಂದಾಳು ಕಲ್ಯಾಣಸ್ವಾಮಿಯನ್ನು ಗಲ್ಲಿಗೇರಿಸಿದವರು ಅದೇ ವರ್ಷಕ್ಕೆ ಪದಕ ಮಾಡಿಸಿದ್ದಾರೆ, ಅದರ ಮೇಲೆ ನಮ್ಮದೇ ಅಕ್ಷರ. ಇಂಥದ್ದು ಮಂಗಳೂರಿನ ಒಂದು ಮ್ಯೂಸಿಯಂನಲ್ಲಿ ಇರಬೇಕು, ಪಕ್ಕದಲ್ಲಿ ಗಲ್ಲಿಗೇರಿದವರ ಹೆಸರುಗಳಿರಬೇಕು. ಸುಳ್ಯದ ಮಕ್ಕಳು ಅದನ್ನು ನೋಡಬೇಕು.

1 ಡಿಸೆಂಬರ್, ಶುಕ್ರವಾರ

ರಾತ್ರಿ ರೈಲಿಗೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ಕಾಯುತ್ತಿದ್ದೇನೆ. ಪ್ಯಾನ್, ಆಧಾರ್ ನಕಲು ಕಳಿಸಿ ಹೆಸರು ನೋಂದಾಯಿಸಿ ಆಯ್ತು. ಮುಂಗಡವೂ ಕಟ್ಟಿ ಆಯ್ತು. ಅಮ್ಮ ಬುತ್ತಿ ಕಟ್ಟಿಕೊಡುವಾಗ ಕೇಳಿದ್ದು ಒಂದೇ: “ದುಡ್ಡು ಕೊಟ್ಟು ದುಡ್ಡು ತರ್ಲಿಕ್ಕೆ ಬೆಂಗಳೂರಿಗೆ ಹೋಗ್ಬೇಕಾ?” ಬಂದು ತೋರಿಸುತ್ತೇನೆ ಎಂದೆ.

2 ಡಿಸೆಂಬರ್, ಶನಿವಾರ, ಬೆಂಗಳೂರು

ತಂಗಿಯ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಎಲ್ಲರೂ ಮಲಗಿದ್ದಾರೆ.

ಬೆಳಿಗ್ಗೆ ಲಾಟುಗಳನ್ನು ಕೈಯಲ್ಲಿ ಹಿಡಿದು ನೋಡುವ ಅವಕಾಶ. ಹೊಸಬರು ಹರಾಜಿಗೆ ತಡವಾಗಿ ಬಂದರೂ ನಡೆದೀತು, ಇದನ್ನು ತಪ್ಪಿಸಬಾರದು. ಉದ್ದನೆಯ ಮೇಜು, ಕಪ್ಪು ಬಟ್ಟೆ ಹಾಸಿದ ತಟ್ಟೆಗಳು. ನಂಬರ್ ಹೇಳಿದರೆ ತಂದಿಡುತ್ತಾರೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು, ತಟ್ಟೆಯ ಮೇಲೆಯೇ ಹಿಡಿಯಬೇಕು, ನಾಣ್ಯದ ಮೇಲೆ ಮಾತಾಡಬಾರದು; ಎಂಜಲು ಹಾರಿದರೆ ಬೆಳ್ಳಿಯ ಮೇಲೆ ಕಲೆ ಕೂರುತ್ತದೆ. ನನ್ನ ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಟಿಪ್ಪುವಿನ ತಾಮ್ರದ ಆನೆ ಪೈಸೆಗಳನ್ನು ಒಂದೊಂದಾಗಿ ತಿರುಗಿಸುತ್ತಿದ್ದರು. ಆನೆಯ ಸೊಂಡಿಲು, ಬಾಲದ ತಿರುವು, ಬಾವುಟ, ಟಂಕಸಾಲೆಯ ಹೆಸರು, ಇಷ್ಟರಲ್ಲೇ ಸಾಮಾನ್ಯದ್ದು ಯಾವುದು, ಅಪರೂಪದ್ದು ಯಾವುದು ಎಂದು ಹೇಳಿಬಿಡುತ್ತಾರೆ. ಟಿಪ್ಪು ತನ್ನ ಮೌಲೂದಿ ಶಕೆಯಲ್ಲಿ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ ಎಂದು ಅವರೇ ತೋರಿಸಿಕೊಟ್ಟದ್ದು. “ನೀವು ಯಾವ ಊರಿನವ್ರರೀ?” ಎಂದರು. ಗುತ್ತಿಗಾರು ಅವರಿಗೆ ಗೊತ್ತಾಗಲಿಲ್ಲ, ಸುಬ್ರಹ್ಮಣ್ಯ ಎಂದ ಕೂಡಲೇ ಕೈ ಮುಗಿದರು.

ಹೈದರಾಲಿಯ ಬಹದ್ದೂರಿ ವರಹವನ್ನೂ ತರಿಸಿ ನೋಡಿದೆ. ಕೊಳ್ಳಲಿಕ್ಕಲ್ಲ. 1763ರಲ್ಲಿ ಬಿದನೂರು ಗೆದ್ದ ಹೈದರ್ ಇಕ್ಕೇರಿಯವರ ಶಿವ ಪಾರ್ವತಿಯನ್ನು ನಾಣ್ಯದ ಮೇಲೆ ಹಾಗೆಯೇ ಉಳಿಸಿ, ಹಿಂಬದಿಗೆ ತನ್ನ ಹೆಸರಿನ ಮೊದಲ ಪಾರ್ಸಿ ಅಕ್ಷರ ಮಾತ್ರ ಹಾಕಿಸಿದ. ಮೂರೂವರೆ ಗ್ರಾಂ ಕೂಡ ತೂಗದ ಚಿನ್ನ. ಜನ ನಂಬುವ ದುಡ್ಡನ್ನು ಕೆಡಿಸಬಾರದು ಎಂಬುದು ಆತನಿಗೆ ಗೊತ್ತಿತ್ತು. ಆಮೇಲೆ ಬಂದ ಕಂಪನಿ ಕಲೆಕ್ಟರ್ ಮನ್ರೋ ಕಾಲದಲ್ಲೂ ಕೆನರಾದ ಕಂದಾಯದ ಲೆಕ್ಕ ವರಹದಲ್ಲೇ ನಡೆಯಿತು. ನಮ್ಮ ಜಿಲ್ಲೆಯ ಹಳೆ ದಾಖಲೆಗಳಲ್ಲಿ ಬರುವ ‘ವರಹ’ ನನಗೆ ಬರೀ ಶಬ್ದವಾಗಿತ್ತು. ಇವತ್ತು ಅದರ ಭಾರ ತಿಳಿಯಿತು.

1835ರ ರೂಪಾಯಿ ಒಂದೇ ಒಂದು ಲಾಟು, ‘ಆರ್.ಎಸ್.’ ಅಕ್ಷರದ್ದು. ಎಂಥ ನಾಣ್ಯ! ನಿನ್ನೆ ಅಚ್ಚಿನಿಂದ ಬಿದ್ದ ಹಾಗೆ, ರಾಜನ ಕೂದಲಿನ ಎಳೆ ಎಳೆಯೂ ಕಾಣುತ್ತದೆ. ತೂಕ ಸರಿ, ಅಂಚು ಸರಿ. ಅಂದಾಜು ಬೆಲೆಯೂ ಹಾಗೆಯೇ ಇತ್ತು. ನನ್ನ ಮಿತಿ ಅದರ ಕೆಳ ಅಂಚಿಗೆ ಮುಟ್ಟುತ್ತಿತ್ತು ಅಷ್ಟೆ.

ಮಧ್ಯಾಹ್ನ ಹರಾಜು. ನಮ್ಮ ಕಡೆ ದೇವಸ್ಥಾನದಲ್ಲಿ ಹಲಸಿನಹಣ್ಣು, ಬಾಳೆಗೊನೆ ಏಲಂ ಹಾಕುವಾಗ ಕೂಗುವವನದ್ದೇ ಗಮ್ಮತ್ತು. ಒಂದು ಸಾರಿ, ಎರಡು ಸಾರಿ ಎಂದು ಎಳೆದು ಎಳೆದು ಬೆಲೆ ಏರಿಸುತ್ತಾನೆ, ಏರಿದ ದುಡ್ಡು ದೇವರದೆಂದು ಎಲ್ಲರಿಗೂ ಖುಷಿ. ಇಲ್ಲಿ ಅಂಥ ಗದ್ದಲವೇ ಇಲ್ಲ. ಪರದೆಯ ಮೇಲೆ ಲಾಟಿನ ಚಿತ್ರ, ಮೊದಲೇ ಬರೆದು ಕಳಿಸಿದವರ ಬಿಡ್ ಎಷ್ಟಿದೆಯೋ ಅಲ್ಲಿಂದ ಶುರು. ಸಭೆಯಲ್ಲಿ ಕೂತವರು ನಂಬರಿನ ಹಲಗೆ ಎತ್ತುತ್ತಾರೆ, ಕೆಲವರಿಗೆ ಪೆನ್ನು ಅಲ್ಲಾಡಿಸಿದರೆ ಸಾಕು. ಮೂಲೆಯಲ್ಲಿ ಇಬ್ಬರು ಫೋನಿನಲ್ಲಿ ಪಿಸುಗುಡುತ್ತಾ ಯಾರದೋ ಪರವಾಗಿ ಕೈ ಎತ್ತುತ್ತಾರೆ. ಆನ್‌ಲೈನ್ ಬಿಡ್ ಬೇರೆ. ಒಂದು ಲಾಟು ಮುಗಿಯಲು ಅರ್ಧ ನಿಮಿಷ ಸಾಕು. ಬೆಲೆ ಐನೂರರ ಹೆಜ್ಜೆಯಲ್ಲಿ ಏರುತ್ತಾ ಹೋಗಿ ಒಂದು ಹಂತ ದಾಟಿದ ಮೇಲೆ ಸಾವಿರದ ಹೆಜ್ಜೆಗೆ ಬರುತ್ತದೆ. ಎರಡು ಸಲ ಯೋಚಿಸುವವನಿಗೆ ಅಲ್ಲಿ ಸಮಯವಿಲ್ಲ, ಯೋಚನೆಯನ್ನು ಮನೆಯಲ್ಲೇ ಮುಗಿಸಿ ಬರಬೇಕು.

ತಳಕಾಡುಗೊಂಡ ಗದ್ಯಾಣ ಬಂದಾಗ ಮಾತ್ರ ಸಭೆ ನೆಟ್ಟಗೆ ಕೂತಿತು. ಇಬ್ಬರು ಬಿಡಲೇ ಇಲ್ಲ. ಕೊನೆಗೆ ಗೆದ್ದವರು ಯಾರೆಂದು ನೋಡಿದರೆ ಹಿಂದಿನ ಸಾಲಿನ ಯುವಕನೊಬ್ಬ. ಸುತ್ತಿಗೆ ಬಿದ್ದ ಮೇಲೆ ಕಣ್ಣು ಒರೆಸಿಕೊಂಡ. ಹಣ ಇದ್ದವರ ಆಟ ಎಂದು ಊರಿನಲ್ಲಿ ಯಾರೋ ಹೇಳಿದ್ದರು. ಅದನ್ನು ನಾನು ಇನ್ನು ಒಪ್ಪುವುದಿಲ್ಲ.

ನನ್ನ ರೂಪಾಯಿ ಬಂತು. ಹಲಗೆ ಎತ್ತಿದೆ. ಕೈ ನಡುಗಲಿಲ್ಲ, ಆದರೆ ಕಿವಿಯಲ್ಲಿ ನನ್ನದೇ ನಾಡಿ ಬಡಿಯುತ್ತಿತ್ತು. ಇನ್ನೊಮ್ಮೆ ಎತ್ತಿದೆ. ಪೆನ್ನಿನಲ್ಲಿ ಬರೆದ ಅಂಕಿ ಬಂತು, ಹಲಗೆಯನ್ನು ಮಡಿಲಲ್ಲಿ ಮಲಗಿಸಿದೆ. ಅದು ಇನ್ನೂ ಏರಿ ಆನ್‌ಲೈನಿನಲ್ಲಿ ಯಾರಿಗೋ ಹೋಯಿತು. ಅಲ್ಲಿಂದ ಬಹಳ ಹೊತ್ತಿನ ಮೇಲೆ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಒಂದು ಸಣ್ಣ ಲಾಟು ಆರಂಭದ ಬೆಲೆಗೇ ನಿಂತಿತ್ತು. ಸಿಂಹದ ಚಿತ್ರ, ಕನ್ನಡ, ಪಾರ್ಸಿ, ಇಂಗ್ಲಿಷ್ ಮೂರೂ ಲಿಪಿ, ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದ ಮೇಲಿನವು. ಬೆಳಿಗ್ಗೆಯೇ ನೋಡಿ ಗುರುತು ಹಾಕಿದ್ದೆ. ಎತ್ತಿದೆ, ಬೇರೆ ಯಾರೂ ಎತ್ತಲಿಲ್ಲ. ಸುತ್ತಿಗೆ ಬಿತ್ತು, ನನ್ನ ನಂಬರ್ ಕೂಗಿದರು.

ಅಗ್ಗದ ಬೆಲೆಗೆ ಸಿಕ್ಕಿತೆಂದು ಖುಷಿಯಲ್ಲ. ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಬರೆದ ದುಡ್ಡು ನನ್ನ ಕಿಸೆಯಲ್ಲಿದೆ.

3 ಡಿಸೆಂಬರ್, ಭಾನುವಾರ

ಸಭಾಂಗಣದ ಹೊರಗೆ ವ್ಯಾಪಾರಿಗಳ ಮೇಜುಗಳಿದ್ದವು. ಇವತ್ತು ಅಲ್ಲಿಗೆ ಹೋದೆ. ಒಂದು ಡಬ್ಬಿಯಲ್ಲಿ ಕಂಪನಿ ರೂಪಾಯಿಗಳನ್ನು ಗುಡ್ಡೆ ಹಾಕಿದ್ದರು, ಹೆಚ್ಚಿನವು ರಾಣಿಯ ತಲೆಯ 1840ರವು. ಅಡಿಯಲ್ಲಿ 1835ರದೊಂದು ಸಿಕ್ಕಿತು. ವಿಲಿಯಂ ರಾಜನ ಕೆನ್ನೆ ಸವೆದು ನುಣ್ಣಗಾಗಿದೆ, ಕತ್ತಿನ ಅಕ್ಷರ ಕಾಣುವುದಿಲ್ಲ, ಬೆಲೆ ಕಟ್ಟುವವರು ಯಾರೋ ಪರೀಕ್ಷೆಗೆಂದು ಅಂಚಿಗೆ ಸಣ್ಣ ಗಾಯ ಮಾಡಿದ್ದಾರೆ. ತೂಗಿಸಿದೆ. 11.66ಕ್ಕಿಂತ ಸ್ವಲ್ಪ ಕಡಿಮೆ, ಅಷ್ಟು ಬೆಳ್ಳಿಯನ್ನು ಜನರ ಕೈಗಳು ತೆಗೆದುಕೊಂಡಿವೆ. ನಿನ್ನೆ ನಾನು ಬಿಟ್ಟ ಬೆಲೆಯ ಸಣ್ಣ ಪಾಲಿಗೆ ಸಿಕ್ಕಿತು.

ರೈಲಿನಲ್ಲಿ ಕೂತು ಯೋಚಿಸುತ್ತಾ ಬಂದೆ. ಹರಾಜಿನಲ್ಲಿ ಅತಿ ಹೆಚ್ಚು ಬೆಲೆ ಬರುವುದು ಯಾರೂ ಬಳಸದ ನಾಣ್ಯಕ್ಕೆ. ಅದು ನ್ಯಾಯವೇ, ಅಚ್ಚಿನ ಕೆಲಸ ಹೇಗಿತ್ತೆಂದು ತಿಳಿಯಲು ಅಂಥದ್ದು ಉಳಿದಿರಬೇಕು. ಆದರೆ ನಾನು ಹುಡುಕಿಕೊಂಡು ಹೋದದ್ದು ಕಂದಾಯ ಕಟ್ಟಿದ ದುಡ್ಡನ್ನು. ಯಾರ ಮಡಿಲಲ್ಲೂ ಕೂರದ, ಯಾವ ಅಂಗಡಿಯ ಹಲಗೆಯ ಮೇಲೂ ಬೀಳದ ರೂಪಾಯಿಗೆ ಆ ಕೆಲಸ ಗೊತ್ತೇ ಇಲ್ಲ. ನನ್ನ ಕೈಯಲ್ಲಿರುವುದಕ್ಕೆ ಗೊತ್ತು. ನಿನ್ನೆಯ ಲಾಟು ನನಗೆ ಬಂದಿದ್ದರೂ ಇದನ್ನು ಕೊಳ್ಳದೆ ಬರುತ್ತಿರಲಿಲ್ಲ.

5 ಡಿಸೆಂಬರ್, ಮಂಗಳವಾರ, ಗುತ್ತಿಗಾರು

ಸುದ್ದಿ ನನಗಿಂತ ಮೊದಲೇ ಊರು ತಲುಪಿದೆ. ಅಮ್ಮ ಕಾಸುಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿ ಕೊಡುತ್ತೇನೆಂದು ತಟ್ಟೆ ತಂದರು. ತಾಮ್ರದ ಮೇಲೆ ಕೂತ ಕಂದು ಪದರ ಹೋದರೆ ಬೆಲೆಯೂ ಹೋಯಿತು, ಕಾಸು ಬೇಗ ಹಾಳಾಗುತ್ತದೆ ಎಂದು ವಿವರಿಸಿದೆ. ರೂಪಾಯಿಯನ್ನು ಅಮ್ಮ ಬಹಳ ಹೊತ್ತು ಅಂಗೈಯಲ್ಲಿಟ್ಟು ನೋಡಿದರು. “ಇದಕ್ಕೆ ಎಷ್ಟು ಅಡಿಕೆ ಕೊಟ್ಟಿದ್ರೋ ಆಗ” ಎಂದರು.

ಸಂಜೆ ಕೆಳಗಿನ ತೋಟದವರು ಬಂದು ಪೊಟ್ಟಣ ಬಿಚ್ಚಿದರು. 1818, ಈಸ್ಟ್ ಇಂಡಿಯಾ ಕಂಪನಿ, ರಾಮ ಸೀತೆ. ಯಾರೋ ಫೋನ್ ಮಾಡಿ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಳಿಸಿ ಎಂದಿದ್ದಾರಂತೆ. ಕಂಪನಿ ಅಂಥ ನಾಣ್ಯ ಟಂಕಿಸಿದ್ದೇ ಇಲ್ಲ, ಒಂದು ಪೈಸೆಯೂ ಕಳಿಸಬೇಡಿ ಎಂದೆ. ಹಳೆ ನಾಣ್ಯದ ಹೆಸರಿನಲ್ಲಿ ಶುಲ್ಕ ಕೇಳುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಎಚ್ಚರಿಸಿದೆ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ಪವಾಡದ ನಾಣ್ಯವೆಂದು ನಂಬಿ ಜಾಗ ಅಡವಿಟ್ಟವರನ್ನು ಕಂಡಿದ್ದೇನೆ. ತೋಟದವರ ಮುಖ ಬಾಡಿತು, ಆದರೂ ದುಡ್ಡು ಉಳಿಯಿತು. ಸಸಿಗುಂಡಿ ತೆಗೆಯುವಾಗ ನಿಜವಾಗಿ ಹಳೆಯದೇನಾದರೂ ಸಿಕ್ಕಿದರೆ ಅಡಗಿಸಿಡಬೇಡಿ, ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು ಎಂದೂ ಹೇಳಿದೆ.

ಶಾಲೆಯ ಸಮಾಜ ಟೀಚರ್ ಫೋನ್ ಮಾಡಿದ್ದರು. ಎಂಟನೆಯವರಿಗೆ 1837ರ ಬಗ್ಗೆ ಹೇಳಲಿಕ್ಕುಂಟು, ರೂಪಾಯಿ ತಂದು ತೋರಿಸಬಹುದಾ ಎಂದರು. ತೋರಿಸುವುದು ಮಾತ್ರ ಅಲ್ಲ, ಅಂಚಿನಲ್ಲಿ ಹಿಡಿಯಲು ಕಲಿಸಿ ಎಲ್ಲರ ಕೈಗೂ ಕೊಡುವ ಎಂದೆ. ಮಾಷ್ಟ್ರನ್ನೂ ಕರೆದಿದ್ದೇನೆ, ತಕ್ಕಡಿ ತರುತ್ತಾರೆ. ಶುಕ್ರವಾರ ಮಧ್ಯಾಹ್ನ ಮೇಲೆ ಎಂದು ನಿಗದಿಯಾಗಿದೆ.