ಆರದ ಹಳದಿ ದೀಪ

ಕಾರಿನ ಮೀಟರ್ ಬೋರ್ಡಿನಲ್ಲಿ ಒಂದು ಪುಟ್ಟ ಚಿತ್ರವಿರುತ್ತದೆ. ಕಾರೊಂದು, ಅದರ ಹಿಂದೆ ಹಾವು ಹರಿದಂತೆ ಎರಡು ಗೆರೆಗಳು. ಕೀ ತಿರುಗಿಸಿದಾಗ ಅದು ಹಳದಿಯಾಗಿ ಹೊತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಿಹೋಗಬೇಕು. ನಮ್ಮ ಕಾರಿನಲ್ಲಿ ಅದು ಆರದೇ ಉಳಿದದ್ದು 2024ರ ಆಗಸ್ಟ್‌ನಲ್ಲಿ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋಗಿ ನಮ್ಮ ಸೀಮೆಯಲ್ಲೆಲ್ಲಾ ಕಾಲುವೆ ನೀರಿನದೇ ಮಾತು. ನನಗೆ ಮಾತ್ರ ಈ ದೀಪದ್ದೇ ಚಿಂತೆ.

ಅತ್ತೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಮನೆ ಮಸ್ಕಿಯಲ್ಲಿ, ಡಯಾಲಿಸಿಸ್ ಸಿಂಧನೂರಿನಲ್ಲಿ. ನಮ್ಮವರು ದಮ್ಮಾಮ್‌ನಲ್ಲಿರುವುದರಿಂದ ಕಾರು ಓಡಿಸುವವಳು ನಾನೇ. ಭತ್ತದ ನಾಟಿಯ ದಿನಗಳಲ್ಲಿ ಆ ರಸ್ತೆಯನ್ನು ನೋಡಿದವರಿಗೆ ಗೊತ್ತು. ಗದ್ದೆಯಿಂದ ಮೇಲೆ ಬರುವ ಟ್ರ್ಯಾಕ್ಟರುಗಳು ಗಾಲಿಗೆ ಮೆತ್ತಿದ ಕರಿಮಣ್ಣನ್ನೆಲ್ಲಾ ಡಾಂಬರಿನ ಮೇಲೆ ಉದುರಿಸುತ್ತಾ ಹೋಗುತ್ತವೆ. ಅದರ ಮೇಲೆ ನಾಲ್ಕು ಹನಿ ಮಳೆ ಬಿದ್ದರೆ ಸಾಕು, ಸೋಪು ಹಚ್ಚಿದ ಕಲ್ಲಿನಂತೆ ಜಾರುತ್ತದೆ. ಡಯಾಲಿಸಿಸ್ ಮುಗಿಸಿ ಸುಸ್ತಾಗಿ ಹಿಂದಿನ ಸೀಟಿನಲ್ಲಿ ಒರಗಿದ ಜೀವವನ್ನು ಕರೆದುಕೊಂಡು ಆ ರಸ್ತೆಯಲ್ಲಿ ಬರಬೇಕು!

ಜಾರುವುದನ್ನು ತಡೆಯುವ ವ್ಯವಸ್ಥೆಯದ್ದೇ ಆ ದೀಪ. ಟ್ರ್ಯಾಕ್ಷನ್ ಕಂಟ್ರೋಲ್ ಎಂದು ಅದರ ಹೆಸರು. ನಾಲ್ಕೂ ಗಾಲಿಗಳ ಬಳಿ ಕಿರುಬೆರಳಿನಷ್ಟು ಸೆನ್ಸರ್ ಇರುತ್ತದೆ. ಗಾಲಿ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಅದು ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಕೆಸರಿನಲ್ಲಿ ಒಂದು ಗಾಲಿ ಮಾತ್ರ ಗಿರ್ರನೆ ತಿರುಗಿದರೆ ಕಂಪ್ಯೂಟರ್ ಆ ಗಾಲಿಗೆ ಬ್ರೇಕ್ ಹಾಕುತ್ತದೆ, ಇಂಜಿನ್ನಿನ ಜೋರನ್ನೂ ತಗ್ಗಿಸುತ್ತದೆ. ಹಾಗೆ ಮಾಡುವಾಗ ದೀಪ ಮಿಣುಕುತ್ತದೆ; ಅದಕ್ಕೆ ಹೆದರಬೇಕಾಗಿಲ್ಲ. ಬಿಡದೆ ಉರಿದರೆ ಮಾತ್ರ ವ್ಯವಸ್ಥೆ ಕೆಲಸ ನಿಲ್ಲಿಸಿದೆ ಎಂದು ಅರ್ಥ. ನಮ್ಮ ಕಾರಿನಲ್ಲಿ ಪಕ್ಕದ ಎ.ಬಿ.ಎಸ್. ದೀಪವೂ ಉರಿಯುತ್ತಿತ್ತು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲಾ ಕಡ್ಡಾಯವಾದ ಎ.ಬಿ.ಎಸ್.ಗೂ ಇದಕ್ಕೂ ಅವೇ ನಾಲ್ಕು ಸೆನ್ಸರುಗಳು. ಆದ್ದರಿಂದ ಒಂದು ಕೆಟ್ಟರೆ ಎರಡೂ ಮುನಿಸಿಕೊಳ್ಳುತ್ತವೆ. ಮಾಮೂಲಿ ಬ್ರೇಕ್ ಮಾತ್ರ ಇರುತ್ತದೆ.

ಮೊದಲು ತೋರಿಸಿದ ಗ್ಯಾರೇಜಿನ ಹುಡುಗ ಸ್ಟೀರಿಂಗ್ ಕೆಳಗೆ ಬೆಂಕಿಪೊಟ್ಟಣದಷ್ಟು ಒಂದು ಉಪಕರಣ ಸಿಕ್ಕಿಸಿ, ಮೊಬೈಲ್ ನೋಡಿ ಹೇಳಿದ: "ಇದರಾಗ ಏನೂ ಫಾಲ್ಟ್ ತೋರಸವಲ್ದುರೀ. ಅಂದ್ರ ಎ.ಬಿ.ಎಸ್. ಯೂನಿಟ್ಟೇ ಹೋಗೇತಿ." ಹೊಸ ಯೂನಿಟ್ಟಿಗೆ ನಲವತ್ತೆಂಟು ಸಾವಿರ ರೂಪಾಯಿಯಂತೆ! ನಾನು ಸುಮ್ಮನೆ ನಿಂತದ್ದು ನೋಡಿ ದಾರಿಯನ್ನೂ ಅವನೇ ತೋರಿಸಿದ. "ಇಲ್ಲಂದ್ರ ದೀಪದ ಮ್ಯಾಲೆ ಕರಿ ಟೇಪ್ ಹಚ್ಚಿ ಕೊಡ್ತೀನ್ರೀ, ಕಾಣಂಗಿಲ್ಲ."

ಮನೆಗೆ ಬಂದು ಹೇಳಿದಾಗ ಅತ್ತೆ ನಕ್ಕರು. "ನನ್ನ ಬಿ.ಪಿ. ಮಷೀನಿಗೂ ಒಂದು ಟೇಪ್ ಹಚ್ಚಿಸ್ಕೊಂಡು ಬಾ ಬೇಟಿ" ಎಂದರು. ಮೈದುನ ಮಾತ್ರ ಕಾರನ್ನೇ ಮಾರಿಬಿಡೋಣ ಎಂದ. ನಲವತ್ತೆಂಟು ಸಾವಿರವೆಂದರೆ ಅತ್ತೆಯವರ ಔಷಧಕ್ಕೆಂದು ತೆಗೆದಿಟ್ಟ ಹಣದ ಬಹುಪಾಲು. ಅದನ್ನು ಒಬ್ಬರ ಊಹೆಯ ಮೇಲೆ ಸುರಿಯಲು ನನಗೆ ಮನಸ್ಸು ಬರಲಿಲ್ಲ.

ನನ್ನ ತವರು ಲಿಂಗಸುಗೂರು. ಅಲ್ಲಿ ವಾಹನಗಳ ವೈರಿಂಗ್ ಮಾಡುವ ಹಿರಿಯರೊಬ್ಬರನ್ನು ಅಣ್ಣ ಬಲ್ಲ. ನನ್ನ ಮಾತನ್ನೆಲ್ಲಾ ಕೇಳಿ ಅವರು ಹೇಳಿದ್ದು ಇಷ್ಟು: "ಅಕ್ಕಾರ, ಆ ಸಣ್ಣ ಮಷೀನು ಇಂಜಿನ್ನಿಂದಷ್ಟ ಓದತೈತ್ರಿ. ಬ್ರೇಕಿನ ಕಂಪ್ಯೂಟರ್ ಬ್ಯಾರೆನ ಐತಿ." ಇಂಜಿನ್ನಿನ ದೋಷಗಳಿಗೆ 'ಪಿ'ಯಿಂದ ಶುರುವಾಗುವ ಸಂಖ್ಯೆ, ಬ್ರೇಕು ಸ್ಟೀರಿಂಗುಗಳ ದೋಷಕ್ಕೆ 'ಸಿ'ಯಿಂದ ಶುರುವಾಗುವ ಸಂಖ್ಯೆ. ಅಗ್ಗದ ಉಪಕರಣಗಳಲ್ಲಿ ಹೆಚ್ಚಿನವು 'ಸಿ'ಯನ್ನು ಓದುವುದೇ ಇಲ್ಲ. ದೋಷ ಕಾಣಲಿಲ್ಲ ಎಂದರೆ ದೋಷವಿಲ್ಲ ಎಂದಾಗಲಿ, ಯೂನಿಟ್ಟೇ ಹೋಗಿದೆ ಎಂದಾಗಲಿ ಅರ್ಥವಲ್ಲ.

ಅವರ ದೊಡ್ಡ ಸ್ಕ್ಯಾನರಿನಲ್ಲಿ ಮುಂದಿನ ಎಡಗಾಲಿಯ ಸೆನ್ಸರ್ ಎಂದು ಬಂತು. ಅಷ್ಟಕ್ಕೇ ಸೆನ್ಸರ್ ಬದಲಿಸಿ ಕಳಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ನನಗೆ ನಿಧಾನವಾಗಿ ಓಡಿಸಲು ಹೇಳಿ, ಅಣ್ಣನನ್ನು ಹಿಂದೆ ಕೂರಿಸಿ, ತಾವು ಪಕ್ಕದಲ್ಲಿ ಪರದೆ ನೋಡುತ್ತಾ ಕೂತರು. ನಾಲ್ಕು ಗಾಲಿಗಳ ವೇಗ ಅದರಲ್ಲಿ ಒಟ್ಟಿಗೆ ಕಾಣುತ್ತದೆ. ನೇರ ಹೋಗುವಾಗ ನಾಲ್ಕೂ 20ರ ಆಸುಪಾಸು. ಸ್ಟೀರಿಂಗ್ ಬಲಕ್ಕೆ ತಿರುಗಿಸಿದೊಡನೆ ಎಡಗಾಲಿಯದ್ದು ಮಾತ್ರ ಸೊನ್ನೆ! "ಸೆನ್ಸರ್ ಛಲೋ ಐತ್ರಿ, ವೈರ್ ಎಳದು ಬಿಡ್ತೈತಿ" ಎಂದರು.

ಗಾಲಿ ಬಿಚ್ಚಿದಾಗ ಒಳಗೆ ಒಣಗಿ ಗಟ್ಟಿಯಾದ ಕೆಸರಿನ ಹೆಂಟೆ. ಅದರ ಭಾರಕ್ಕೆ ವೈರು ಹಿಡಿದಿಡುವ ಕ್ಲಿಪ್ ಮುರಿದು, ವೈರು ಜೋತುಬಿದ್ದು ಟೈರಿಗೆ ಉಜ್ಜುತ್ತಿತ್ತು. ಮೇಲಿನ ಹೊದಿಕೆ ಸವೆದು ಒಳಗಿನ ತಾಮ್ರ ಹಸಿರುಗಟ್ಟಿತ್ತು. ಕೆಟ್ಟ ತುಂಡು ಕತ್ತರಿಸಿ, ಬೆಸುಗೆ ಹಾಕಿ, ನೀರು ಹೋಗದಂತೆ ಕೊಳವೆ ತೊಡಿಸಿ, ಹೊಸ ಕ್ಲಿಪ್ಪಿನಿಂದ ಬಿಗಿದರು. ಸೆನ್ಸರಿನ ತುದಿಯನ್ನು ಬಟ್ಟೆಯಿಂದ ಒರೆಸಿದರು. ಸ್ಕ್ಯಾನರಿನಲ್ಲಿ ಹಳೆಯ ದೋಷ ಅಳಿಸಿ ಹಟ್ಟಿಯ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸಿದೆವು. ದೀಪ ಮತ್ತೆ ಹೊತ್ತಲಿಲ್ಲ. ಎಲ್ಲಾ ಸೇರಿ ಆರುನೂರು ರೂಪಾಯಿ.

ಎಲ್ಲರ ಕಾರಿನಲ್ಲೂ ವೈರೇ ಕಾರಣವಾಗಿರಬೇಕಿಲ್ಲ. ಈ ವ್ಯವಸ್ಥೆಯನ್ನು ನಿಲ್ಲಿಸುವ 'ಆಫ್' ಬಟನ್ ಕೆಲವು ಕಾರುಗಳಲ್ಲಿದೆ, ಮಕ್ಕಳು ಒತ್ತಿರುತ್ತಾರೆ. ಬ್ಯಾಟರಿ ಸೋತಿದ್ದರೆ, ಒಂದು ಟೈರು ಬೇರೆ ಅಳತೆಯದ್ದಾಗಿದ್ದರೆ, ಬ್ರೇಕ್ ಪೆಡಲಿನ ಸ್ವಿಚ್ ಕೆಟ್ಟಿದ್ದರೆ ಕೂಡಾ ಅದೇ ದೀಪ. ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿದರೆ ಮಾತ್ರ ಓಡಿಸಬೇಡಿ, ಅಲ್ಲೇ ಬದಿಗೆ ನಿಲ್ಲಿಸಿ. ದೊಡ್ಡ ಮೊತ್ತ ಹೇಳಿದರೆ "ಯಾವ ಸಂಖ್ಯೆ ಬಂತು, ಯಾವ ಗಾಲಿ?" ಎಂದು ಕೇಳಿ. ಹೆಂಗಸರು ಇದನ್ನೆಲ್ಲಾ ಕೇಳುವುದೇ ಎಂಬ ಸಂಕೋಚ ಯಾಕೆ? ಡಾಕ್ಟರ ಬಳಿ ರಿಪೋರ್ಟ್ ಕೇಳುವುದಿಲ್ಲವೇ!

ಹೊರಡುವಾಗ ಆ ಹಿರಿಯರು, ನಾಟಿ ಮುಗಿಯುವವರೆಗೆ ವಾರಕ್ಕೊಮ್ಮೆ ಗಾಲಿಗಳ ಒಳಬದಿಗೆ ನೀರು ಬಿಡಿ, ಕೆಸರು ಒಣಗಲು ಬಿಡಬೇಡಿ ಎಂದಿದ್ದರು. ಈಗ ಆ ಕೆಲಸ ನನ್ನ ಮಗನದ್ದು. ಕಾರಿನ ಹೊರಮೈ ತೊಳೆಯಲು ಅವನಿಗೆ ಬೇಸರ. ಒಳಗಿಂದ ಹೆಂಟೆ ಹೆಂಟೆಯಾಗಿ ಕೆಸರು ಬೀಳುವುದನ್ನು ನೋಡಲು ಮಾತ್ರ ಓಡಿ ಬರುತ್ತಾನೆ.