ಪಂಪಿನ ಬಾಯಿ ಮುಚ್ಚಿಸಿ

ಪಂಪಿನೊಳಗೆ ತಿರುಗಿ ನೀರು ನೂಕುವ ಚಕ್ರ, ಅಂದರೆ ಇಂಪೆಲ್ಲರ್, ಹೊಸದು ಬೇಕೆಂದಾಗ ಬಾಗೇವಾಡಿಯ ಅಂಗಡಿಯವನು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ಇಂಪೆಲ್ಲರ್ ಎಷ್ಟು ಎಂಎಂ ರೀ?" ಅಣ್ಣನ ಮಗ ಅದನ್ನು ಮಸೂತಿಯ ಬಾವಿ ದಂಡೆಯಿಂದಲೇ ನನ್ನ ಮೇಲೆ ಎತ್ತಿಹಾಕಿದ. ಎಂಜಿನಿಯರ್ ಅಂತ ನೌಕರಿ ಮಾಡಿ ನಿವೃತ್ತನಾಗಿ ಬಂದವನಿಗೆ ಊರಲ್ಲಿ ರೇಡಿಯೋದಿಂದ ಹಿಡಿದು ಮೊಣಕಾಲು ನೋವಿನ ತನಕ ಎಲ್ಲವೂ ಗೊತ್ತಿರಬೇಕು.

"ನೇಮ್‌ಪ್ಲೇಟ್ ಐತೆಲ್ಲೋ, ಓದು."

"ನೇಮ್‌ಪ್ಲೇಟ್ ಎಲ್ಲೈತ್ರೀ ಕಾಕಾ? ಬರೇ ಬಣ್ಣ ಐತಿ."

ಹೌದು, ಬಣ್ಣವೇ ಇತ್ತು. ನಮ್ಮಪ್ಪನ ಕಾಲದಿಂದಲೂ ಖಂಡೇಪೂಜೆಗೆ ಮೊದಲು ಪಂಪಿಗೆ ಒಂದು ಕೈ ಬಣ್ಣ ಬೀಳುವುದು ಪದ್ಧತಿ. ಬಾಗಿಲಿಗೋ ಚಕ್ಕಡಿಗೋ ತಂದು ಉಳಿದ ಡಬ್ಬಿ ಯಾವುದಿತ್ತೋ ಅದೇ ಬಣ್ಣ. ಚಾಕುವಿನಿಂದ ಕೆರೆದರೆ ಹಸಿರು, ಅದರಡಿ ನೀಲಿ, ಅದರಡಿ ಚೆಂಡುಹೂವಿನ ಹಳದಿ. ಪ್ಲೇಟಿನ ಅಕ್ಷರಗಳೆಲ್ಲ ಬಣ್ಣ ಕುಡಿದು ಸಪಾಟಾಗಿದ್ದವು.

ಕೆರೆಯುತ್ತ ಕೂತವನಿಗೆ ಲಕ್ಷ್ಮಣರಾವ್ ಕಿರ್ಲೋಸ್ಕರರ ನೆನಪಾಯಿತು. ಪಂಪಿನ ಸುದ್ದಿ ಬಂದಲ್ಲಿ ಅವರು ಬರುವುದು ಸಹಜ. ನನಗೆ ನೆನಪಾದದ್ದು ಅವರ ಪಂಪಲ್ಲ, ಕಣ್ಣು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಈ ಮನುಷ್ಯ ಮೊದಲು ಹೋದದ್ದು ಚಿತ್ರಕಾರನಾಗಲು, ಮುಂಬಯಿಯ ಜೆ.ಜೆ. ಕಲಾಶಾಲೆಗೆ. ಅಲ್ಲಿ ತಿಳಿದದ್ದೇನೆಂದರೆ, ಕೆಲವು ಬಣ್ಣಗಳು ಅವರ ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವುದೇ ಇಲ್ಲ. ಕುಂಚ ಕೆಳಗಿಟ್ಟರು, ಪೆನ್ಸಿಲ್ ಬಿಡಲಿಲ್ಲ. ಯಂತ್ರಗಳ ನಕ್ಷೆಗೆ ಬಣ್ಣ ಬೇಕಿಲ್ಲವಲ್ಲ! ಅದೇ ಮುಂಬಯಿಯ ವಿಕ್ಟೋರಿಯಾ ಜುಬಿಲಿ ಸಂಸ್ಥೆಯಲ್ಲಿ ಯಂತ್ರನಕ್ಷೆಯ ಮಾಸ್ತರರಾದರು. ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಸೈಕಲ್ ಮಾರುವುದು ಒಂದು, ಹತ್ತಲು ಕಲಿಸುವುದು ಇನ್ನೊಂದು. ಕಲಿಸುವುದಕ್ಕೆ ಬೇರೆ 15 ರೂಪಾಯಿ. ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆಂದು ರೈತರು ಹತ್ತಿರ ಬರಲಿಲ್ಲ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ.

ಬೆಳಗಾವಿಯ ಜಾಗ ಕೈತಪ್ಪಿದಾಗ, 1910ರಲ್ಲಿ ಕಾರ್ಖಾನೆಗೆ ನೆಲ ಕೊಟ್ಟವರು ಔಂಧ್ ಸಂಸ್ಥಾನದ ರಾಜ ಭವಾನರಾವ್. ಈ ರಾಜ ಸ್ವತಃ ಚಿತ್ರಕಾರ. ಬಣ್ಣಗಳಲ್ಲೇ ಮುಳುಗಿದ ದೊರೆ, ಬಣ್ಣ ಕಾಣದ ಮಾಸ್ತರನಿಗೆ ಕಳ್ಳಿ ಬೆಳೆದ ಬರಡು ನೆಲ ಕೊಟ್ಟ, ಅದು ಕಿರ್ಲೋಸ್ಕರವಾಡಿಯಾಯಿತು. 1926ರಲ್ಲಿ ಅಲ್ಲಿಂದ ಸೆಂಟ್ರಿಫ್ಯೂಗಲ್ ಪಂಪು ಹೊರಬಂತು. ಅದಕ್ಕೆ ಯಾವ ಬಣ್ಣ ಹಚ್ಚಿದ್ದರೋ, ಅದನ್ನು ಆರಿಸಿದವರು ಯಾರೋ! ಇದೇ ಗುರ್ಲಹೊಸೂರಿನಿಂದ ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬಂದರೆಂಬುದನ್ನು ಸೇರಿಸಿದರೆ ಪ್ರಬಂಧ ದಾರಿ ತಪ್ಪುತ್ತದೆ. ಸೇರಿಸಿಯಾಯಿತು.

"ಕಾಕಾ, ಬಿಚ್ಚಿ ಅಳೀಲೇನು?"

ಬಿಚ್ಚೋಣವೆಂದರೆ ನಟ್ಟು ಬೋಲ್ಟು ಜಂಗು ಹಿಡಿದಿವೆ, ಪ್ಯಾಕಿಂಗ್ ಹರಿಯುತ್ತದೆ, ತ್ರೀಫೇಸ್ ಕರೆಂಟಿನ ಏಳು ತಾಸು ಅಲ್ಲೇ ಮುಗಿಯುತ್ತದೆ. ಕಬ್ಬು ಬಾಯಿ ಬಿಟ್ಟು ನಿಂತಿತ್ತು. ಬೇಡ ಅಂದೆ.

ಮೈಮೇಲಿನ ಬಣ್ಣ ಪೂರಾ ಹೋದ ಮೇಲೆ ಎರಕದಲ್ಲೇ ಉಬ್ಬಿದ ಮಾಡೆಲ್ ನಂಬರ್ ಕಂಡಿತು. ಅಂಗಡಿಯವನು ಅದರ ಪಟ್ಟಿ ನೋಡಿ, ಪೂರ್ತಿ ಇಂಪೆಲ್ಲರ್ 170 ಎಂಎಂ ಎಂದ. ಆದರೆ ಎರಕದ ನಂಬರು ಹೇಳುವುದು ಚಿಪ್ಪಿನ ಸಂಗತಿ. ಒಂದೇ ಚಿಪ್ಪಿನೊಳಗೆ 170 ಇರಬಹುದು, ಲೇತಿಗೆ ಕೊಟ್ಟು ಸುತ್ತ ಸವರಿದ 150 ಕೂಡ ಇರಬಹುದು. ಒಳಗಿರುವುದು ಯಾವುದೆಂದು ಪಂಪಿನಿಂದಲೇ ಹೇಳಿಸಬೇಕಾದರೆ ಅದರ ಬಾಯಿ ಮುಚ್ಚಿಸಬೇಕು.

ಕ್ರಮ ಹೀಗೆ. ಪಂಪಿಗೆ ನೀರು ತುಂಬಿ ಚಾಲೂ ಮಾಡುವುದು, ಡೆಲಿವರಿ ವಾಲನ್ನು ಪೂರ್ತಿ ತಿರುವಿ ಮುಚ್ಚುವುದು, ಗೇಜು ನೋಡುವುದು. ನೀರು ಹೊರಗೆ ಹೋಗದೆ ಒಳಗೇ ಸುತ್ತುವಾಗ ಏರುವ ಒತ್ತಡ ಇಂಪೆಲ್ಲರಿನ ಅಂಚಿನ ವೇಗವನ್ನು ಅವಲಂಬಿಸಿದೆ. ಆ ವೇಗ ವ್ಯಾಸವನ್ನೂ ಮೋಟರಿನ ಸುತ್ತನ್ನೂ. ಸುತ್ತು ಒಂದೇ ಇದ್ದರೆ, ಆ ಒತ್ತಡ ಎತ್ತಬಲ್ಲ ನೀರಿನ ಎತ್ತರ ವ್ಯಾಸದ ವರ್ಗದಂತೆ ಏರುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಹಾಗೆ ಬಿಡಬಾರದು, ಒಳಗಿನ ನೀರು ಕಾಯುತ್ತದೆ. ನೀರನ್ನು ಅಕ್ಷದ ಗುಂಟ ನೂಕುವ ಪ್ರೊಪೆಲ್ಲರ್ ಪಂಪಿಗೆ ಇದನ್ನು ಮಾಡಲೇಬಾರದು, ಬಾಯಿ ಮುಚ್ಚಿದಾಗಲೇ ಅದು ಹೆಚ್ಚು ಕರೆಂಟು ಎಳೆಯುವುದು. ಮೋಟರಿನ ಸುತ್ತು ಎಷ್ಟೆಂದೂ ನೋಡಿಕೊಳ್ಳಬೇಕು. ಓಲ್ಟೇಜ್ ಬಿದ್ದ ದಿನ ಗೇಜಿನ ಮಾತು ನಂಬುವಂತಿಲ್ಲ. ಇಂಪೆಲ್ಲರ್ ಸುತ್ತಲಿನ ವೇರ್ ರಿಂಗ್ ಸವೆದಿದ್ದರೂ ಅಷ್ಟೇ, ನಿಜಕ್ಕಿಂತ ಚಿಕ್ಕ ಇಂಪೆಲ್ಲರ್ ಇದ್ದಂತೆ ತೋರಿಸುತ್ತದೆ.

ನಮ್ಮದು 2900 ಸುತ್ತಿನದು. ಗೇಜು 2.6 ಕೆಜಿ ತೋರಿಸಿತು, ಅಂದರೆ 26 ಮೀಟರ್ ನೀರು. ಬಾವಿಯ ನೀರು ಪಂಪಿಗಿಂತ 5 ಮೀಟರ್ ಕೆಳಗಿತ್ತು. ಕೂಡಿದರೆ 31. ಅಂಗಡಿಯವನ ಪಟ್ಟಿಯಲ್ಲಿ 170 ಎಂಎಂ ಇಂಪೆಲ್ಲರಿಗೆ ವಾಲ್ ಮುಚ್ಚಿದಾಗ 38. ಮೂವತ್ತೊಂದನ್ನು ಮೂವತ್ತೆಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.9. ಒಳಗಿರುವುದು 153ರ ಹತ್ತಿರದ್ದು. ಯಾರೋ ಸುಮಾರು 17 ಎಂಎಂ ಸವರಿಸಿದ್ದಾರೆ.

ಯಾಕೆ ಸವರಿಸಿದರು? ಕಂಜೂಸಿಗೆ ಯಾರೂ ಲೇತಿನವನ ಹತ್ತಿರ ಹೋಗುವುದಿಲ್ಲ. ನನ್ನ ಎಣಿಕೆ ಇದು: ಆಲಮಟ್ಟಿಯಲ್ಲಿ 519.6 ಮೀಟರಿಗೆ ನಿಲ್ಲುವ ನೀರನ್ನು ಮುಳವಾಡ ಏತ ನೀರಾವರಿಯವರು ಬಳೂತಿಯಲ್ಲಿ ಎತ್ತಿ, ಹಣಮಾಪುರ, ಮಸೂತಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಕಾಲುವೆ ಹರಿದ ಮೇಲೆ ತಳ ಕಂಡಿದ್ದ ನಮ್ಮ ಬಾವಿಯೂ ತುಂಬಿತು. ನೀರು ಮೇಲೆ ಬಂದರೆ ಪಂಪಿಗೆ ಸುಖ ಅಂತ ನಾವು ತಿಳಿಯುತ್ತೇವೆ. ಈ ಜಾತಿಯ ಪಂಪಿಗೆ ಅದು ಸುಖವಲ್ಲ. ಎತ್ತರ ಕಡಿಮೆಯಾದಷ್ಟೂ ಹೆಚ್ಚು ನೀರು ನೂಕುತ್ತದೆ, ಹೆಚ್ಚು ನೂಕಿದಷ್ಟೂ ಮೋಟರ್ ಹೆಚ್ಚು ಕರೆಂಟು ಎಳೆದು ಕಾಯುತ್ತದೆ. ಬರಗಾಲದಲ್ಲಿ ಸುಡದ ಮೋಟರ್ ಬಾವಿ ತುಂಬಿದ ವರ್ಷ ಸುಡುವುದು ಹೀಗೆ. ವ್ಯಾಸ ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಎಳೆಯುವ ಶಕ್ತಿ ನೂರಕ್ಕೆ 27 ಇಳಿಯುತ್ತದೆ. ಸವರಿಸಿದವನು ಅಣ್ಣನೇ ಇರಬೇಕು. ಅವನು ಲೆಕ್ಕ ಕಲಿತವನಲ್ಲ. ಮೋಟರಿನ ಮೇಲೆ ಅಂಗೈ ಇಟ್ಟು ನೋಡಿ ತಿಳಿದಿರಬೇಕು, ಇಲ್ಲವೇ ರೀವೈಂಡಿಂಗ್ ಮಾಡುವವನು ಹೇಳಿರಬೇಕು. ಕೇಳಲು ಅಣ್ಣ ಈಗ ಇಲ್ಲ.

ಲಂಡನ್ನಿನ 1851ರ ಪ್ರದರ್ಶನದಲ್ಲಿ ಜಾನ್ ಆಪೋಲ್ಡ್ ಎಂಬಾತ ಬಾಗಿದ ರೆಕ್ಕೆಯ ಇಂಪೆಲ್ಲರ್ ಇಟ್ಟು, ನೇರ ರೆಕ್ಕೆಯದು ನೂರಕ್ಕೆ 24ರಷ್ಟು ದುಡಿದರೆ ತನ್ನದು 68ರಷ್ಟು ದುಡಿಯುತ್ತದೆಂದು ತೋರಿಸಿ ಪ್ರಸಿದ್ಧನಾದ. ಮಸೂತಿಯಲ್ಲಿ ಇಂಪೆಲ್ಲರ್ ಸವರಿಸಿ ಮೋಟರ್ ಉಳಿಸಿದವನಿಗೆ ಒಂದು ಕಪ್ ಚಾ ಸಿಕ್ಕಿತ್ತೋ ಇಲ್ಲವೋ.

ಇದನ್ನೆಲ್ಲ ಹುಡುಗನಿಗೆ ವಿವರಿಸಿದೆ. ಅವನ ತಲೆ ಆಗಲೇ ಬೇರೆ ಕಡೆ ಓಡಿತ್ತು.

"ಹಂಗಾರ 170ರದೇ ತರಸ್ತೀನ್ರೀ. ಮ್ಯಾಲಿನ ಮಡ್ಡಿ ಹೊಲಕ್ಕ ಪೈಪ್ ಒಯ್ಯಬೇಕಂತ ಮಾಡೀನಿ."

"ಮಡ್ಡಿಗೆ ಒಯ್ದಾಗ ತಡೀತದ. ಕೆಳಗಿನ ಕಬ್ಬಿಗೆ ಬಿಟ್ಟಾಗ ವಾಲ್ ಅರ್ಧಾನೇ ತೆರೀಬೇಕು, ಇಲ್ಲಂದ್ರ ಮೋಟರ್ ಹೋತು."

"ರಾತ್ರಿ ಎರಡಕ್ಕ ಕರೆಂಟ್ ಬಂದಾಗ ಅದನ್ನ ಯಾರು ನೆನಪಿಡ್ತಾರ್ರೀ ಕಾಕಾ? ನೀವು ಬರ್ತೀರೇನು?"